ಟ್ಯೂಬ್ ಪ್ರೀಆಂಪ್, ಟ್ಯೂಬ್ ಪವರ್ ಆಂಪ್: ಮನೆಯ ಸ್ಟೀರಿಯೋಗೆ ಯಾವುದು ಸರಿ?

ಮನೆಯ ಸ್ಟೀರಿಯೋಗೆಂದು ಸಿಗುವ ಟ್ಯೂಬ್ (ವಾಲ್ವ್) ಪವರ್ ಆಂಪ್‌ಗಳನ್ನು, ಅಂದರೆ ಸ್ಪೀಕರ್ ಓಡಿಸುವ ಆಂಪ್‌ಗಳನ್ನು, ಔಟ್‌ಪುಟ್ ಟ್ಯೂಬ್ ನೋಡಿ ವಿಂಗಡಿಸಿದರೆ ಬಹುಪಾಲು ನಾಲ್ಕೇ ಗುಂಪಿಗೆ ಸೇರುತ್ತವೆ: ಇಎಲ್84 ಪುಶ್‌ಪುಲ್, ಇಎಲ್34 ಪುಶ್‌ಪುಲ್, ಕೆಟಿ88 ಪುಶ್‌ಪುಲ್ ಮತ್ತು 300ಬಿ ಸಿಂಗಲ್ ಎಂಡೆಡ್. ಪುಶ್‌ಪುಲ್ ಎಂದರೆ ಎರಡು ಔಟ್‌ಪುಟ್ ಟ್ಯೂಬ್ ಎದುರುಬದುರಾಗಿ ಕೆಲಸ ಹಂಚಿಕೊಳ್ಳುವ ಜೋಡಣೆ, ಸಿಂಗಲ್ ಎಂಡೆಡ್ ಎಂದರೆ ಒಂದೇ ಬದಿಯ ಟ್ಯೂಬ್ ಎಲ್ಲ ಕೆಲಸ ಮಾಡುವುದು. ಈ ನಾಲ್ಕನ್ನೂ, ಅವುಗಳ ಮುಂದೆ ಕೂತು ವಾಲ್ಯೂಮ್, ಮೂಲಗಳ ಆಯ್ಕೆ ನೋಡಿಕೊಳ್ಳುವ ಪ್ರೀಆಂಪ್‌ಗಳನ್ನೂ ಇಲ್ಲಿ ಒಟ್ಟಿಗೆ ತೂಗಿ ನೋಡಿದ್ದೇನೆ. ತೀರ್ಪನ್ನು ಮೊದಲೇ ಹೇಳಿಬಿಡುತ್ತೇನೆ. 88ರಿಂದ 90 ಡೆಸಿಬೆಲ್ ಸೆನ್ಸಿಟಿವಿಟಿಯ (1 ವ್ಯಾಟ್ ಕೊಟ್ಟಾಗ ಒಂದು ಮೀಟರ್ ದೂರದಲ್ಲಿ ಬರುವ ದನಿಯ ಮಟ್ಟ) ಸ್ಪೀಕರ್, ಸಾಧಾರಣ ಅಳತೆಯ ಕೋಣೆ, ಎಲ್ಲ ಬಗೆಯ ಸಂಗೀತ ಎಂದಾದರೆ ಇಎಲ್34 ಪುಶ್‌ಪುಲ್ ತಗೊಳ್ಳಿ. 30ರಿಂದ 40 ವ್ಯಾಟ್ ಸಾಕು, ಆದರೆ ಟ್ಯೂಬಿಗೂ ಸ್ಪೀಕರ್‌ಗೂ ನಡುವೆ ಇರುವ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ದೊಡ್ಡದಿರಲಿ. ಪ್ರೀಆಂಪ್‌ನಲ್ಲಿ ಗೇನ್ (ಸಿಗ್ನಲ್ ಹಿಗ್ಗಿಸುವ ಪ್ರಮಾಣ) ಕಮ್ಮಿ ಇರಲಿ, ಔಟ್‌ಪುಟ್ ಇಂಪೀಡೆನ್ಸ್ (ಸಿಗ್ನಲ್‌ಗೆ ಒಡ್ಡುವ ತಡೆ, ಓಮ್‌ಗಳಲ್ಲಿ) ಕೂಡ ಕಮ್ಮಿ ಇರಲಿ. ಎಷ್ಟೋ ಮನೆಗಳಲ್ಲಿ ಪ್ರೀಆಂಪ್ ಬೇಕೇ ಆಗುವುದಿಲ್ಲ.

ಕೊಳ್ಳುವವರು ಸಾಮಾನ್ಯವಾಗಿ ಟ್ಯೂಬಿನ ಹೆಸರಿನಿಂದ ಶುರು ಮಾಡುತ್ತಾರೆ. ಶುರು ಮಾಡಬೇಕಾದ್ದು ಸ್ಪೀಕರ್‌ನಿಂದ. ಟ್ಯೂಬ್ ಆಂಪ್‌ನ ದನಿಯನ್ನು ಅರ್ಧ ನಿರ್ಧರಿಸುವುದೇ ಸ್ಪೀಕರ್‌ನ ಇಂಪೀಡೆನ್ಸ್. ಇನ್ನರ್ಧದಲ್ಲಿ ದೊಡ್ಡ ಪಾಲು ಔಟ್‌ಪುಟ್ ಟ್ರಾನ್ಸ್‌ಫಾರ್ಮರ್‌ನದು. ಟ್ಯೂಬ್ ಯಾವ ಕಂಪನಿಯದು ಎಂಬ ಪ್ರಶ್ನೆ ಇವೆರಡೂ ಮುಗಿದ ಮೇಲೆ ಬರುತ್ತದೆ.

ಮೊದಲು ಸ್ಪೀಕರ್‌ನ ಲೆಕ್ಕ

ಸ್ಪೀಕರ್‌ನ ವಿವರಪಟ್ಟಿಯಲ್ಲಿ ಎರಡು ಅಂಕಿ ಹುಡುಕಿ: ಸೆನ್ಸಿಟಿವಿಟಿ ಎಷ್ಟು, ಇಂಪೀಡೆನ್ಸ್ ಅತಿ ಕಡಿಮೆ ಎಷ್ಟಕ್ಕೆ ಇಳಿಯುತ್ತದೆ. ಸೆನ್ಸಿಟಿವಿಟಿಯನ್ನು 2.83 ವೋಲ್ಟ್‌ಗೆ ಕೊಟ್ಟಿದ್ದು, ಸ್ಪೀಕರ್ 4 ಓಮ್‌ನದಾಗಿದ್ದರೆ ಆ ಅಂಕಿಯಿಂದ 3 ಡೆಸಿಬೆಲ್ ಕಳೆಯಿರಿ. 2.83 ವೋಲ್ಟ್ ಎಂದರೆ 8 ಓಮ್‌ಗೆ 1 ವ್ಯಾಟ್, 4 ಓಮ್‌ಗೆ 2 ವ್ಯಾಟ್. ಟ್ರಾನ್ಸಿಸ್ಟರ್ ಆಂಪ್‌ಗೆ ಇದರಿಂದ ಹೆಚ್ಚು ವ್ಯತ್ಯಾಸವಾಗದು. ಬೇಕಾದಷ್ಟೇ ವ್ಯಾಟ್ ಇರುವ ಟ್ಯೂಬ್ ಆಂಪ್‌ಗೆ ಆಗುತ್ತದೆ.

ಉದಾಹರಣೆಗೆ 88 ಡೆಸಿಬೆಲ್ ಸ್ಪೀಕರ್‌ಗೆ 8 ವ್ಯಾಟ್‌ನ 300ಬಿ ಜೋಡಿಸಿದಿರಿ ಎನ್ನಿ. 8 ವ್ಯಾಟ್ ಎಂದರೆ 1 ವ್ಯಾಟ್‌ಗಿಂತ 9 ಡೆಸಿಬೆಲ್ ಜಾಸ್ತಿ. ಅಂದರೆ ಒಂದು ಮೀಟರ್ ದೂರದಲ್ಲಿ 97. ಮೂರು ಮೀಟರ್ ಹಿಂದೆ ಕೂತರೆ ದೂರಕ್ಕೆ 9.5 ಹೋಗುತ್ತದೆ. ಎರಡು ಸ್ಪೀಕರ್ ಇರುವುದರಿಂದ 3, ಕೋಣೆಯ ಗೋಡೆಗಳಿಂದ ಹತ್ತಿರಹತ್ತಿರ 3 ವಾಪಸ್ ಬರುತ್ತದೆ. ಕೊನೆಗೆ ಉಳಿಯುವುದು 93ರ ಆಸುಪಾಸು. ದನಿ, ವೀಣೆ, ಸಣ್ಣ ಮೇಳಕ್ಕೆ ಇಷ್ಟು ಸಾಕು. ದೊಡ್ಡ ವಾದ್ಯವೃಂದದಲ್ಲಿ ಸರಾಸರಿಗಿಂತ 20 ಡೆಸಿಬೆಲ್ ಮೇಲೆ ಹೋಗುವ ಘಟ್ಟಗಳು ಬರುತ್ತವೆ, ಅಲ್ಲಿ ಈ ಆಂಪ್ ಕ್ಲಿಪ್ ಆಗುತ್ತದೆ, ಅಂದರೆ ಶಕ್ತಿ ಸಾಲದೆ ಅಲೆಯ ತುದಿ ಕತ್ತರಿಸಿಹೋಗುತ್ತದೆ. ಟ್ಯೂಬ್ ಆಂಪ್‌ನ ಕ್ಲಿಪ್ಪಿಂಗ್ ಕಿವಿಗೆ ಮೃದು. ಹಾಗಾಗಿ ಕೇಳುಗರಿಗೆ ಅದು ಒಡೆದಂತೆ ಅನಿಸದು, ಮಂಕಾದಂತೆ, ಎಲ್ಲ ಒಂದಕ್ಕೊಂದು ಅಂಟಿಕೊಂಡಂತೆ ಅನಿಸುತ್ತದೆ. 'ಈ ಆಂಪ್‌ಗೆ ಬೇಸ್ ಇಲ್ಲ' ಎಂಬ ದೂರಿನ ಹಿಂದೆ ಬಹಳ ಸಲ ಇದೇ ಇರುತ್ತದೆ.

ಅದೇ ಸ್ಪೀಕರ್‌ಗೆ 35 ವ್ಯಾಟ್ ಕೊಟ್ಟರೆ 6.4 ಡೆಸಿಬೆಲ್ ಹೆಚ್ಚುತ್ತದೆ. ಅಲ್ಲಿಂದ 70 ವ್ಯಾಟ್‌ಗೆ ಹೋದರೆ ಸಿಗುವುದು ಬರೀ 3. ಬೆಲೆ, ತೂಕ, ಬಿಸಿ ಮಾತ್ರ ಹೆಚ್ಚುಕಮ್ಮಿ ದುಪ್ಪಟ್ಟಾಗುತ್ತವೆ.

ಇಂಪೀಡೆನ್ಸ್ ವಿಷಯ ಇನ್ನೂ ಮುಖ್ಯ. '8 ಓಮ್' ಎಂದು ಬರೆದ ಸ್ಪೀಕರ್ ಒಂದು ಕಡೆ 3 ಓಮ್‌ಗೆ ಇಳಿದು ಇನ್ನೊಂದು ಕಡೆ 20 ಓಮ್‌ಗೆ ಏರಬಹುದು. ಫೀಡ್‌ಬ್ಯಾಕ್ (ಔಟ್‌ಪುಟ್‌ನ ಒಂದು ಪಾಲನ್ನು ಹಿಂದಕ್ಕೆ ಕೊಟ್ಟು ತಪ್ಪು ತಿದ್ದುವುದು) ಇಲ್ಲದ ಸಿಂಗಲ್ ಎಂಡೆಡ್ ಆಂಪ್‌ನ ಔಟ್‌ಪುಟ್ ಇಂಪೀಡೆನ್ಸ್ 2 ಓಮ್ ಎಂದಿಟ್ಟುಕೊಳ್ಳಿ. 3 ಓಮ್ ಇರುವಲ್ಲಿ ಸ್ಪೀಕರ್‌ಗೆ ತಲುಪುವುದು ವೋಲ್ಟೇಜ್‌ನ ಐದರಲ್ಲಿ ಮೂರು ಪಾಲು, 20 ಓಮ್ ಇರುವಲ್ಲಿ ಇಪ್ಪತ್ತೆರಡರಲ್ಲಿ ಇಪ್ಪತ್ತು ಪಾಲು. ವ್ಯತ್ಯಾಸ 3.6 ಡೆಸಿಬೆಲ್. ಟೋನ್ ಕಂಟ್ರೋಲ್ ತಿರುಗಿಸಿದಷ್ಟೇ ಸ್ಪಷ್ಟವಾಗಿ ಇದು ಕೇಳುತ್ತದೆ. ಫೀಡ್‌ಬ್ಯಾಕ್ ಇರುವ ಇಎಲ್34 ಪುಶ್‌ಪುಲ್‌ನಲ್ಲಿ ಔಟ್‌ಪುಟ್ ಇಂಪೀಡೆನ್ಸ್ ಸುಮಾರು ಅರ್ಧ ಓಮ್. ಅಲ್ಲಿ ಇದೇ ಸ್ಪೀಕರ್‌ನೊಂದಿಗೆ ವ್ಯತ್ಯಾಸ 1.1 ಡೆಸಿಬೆಲ್‌ಗೆ ಇಳಿಯುತ್ತದೆ. ಒಂದೇ ಆಂಪ್ ಒಬ್ಬರ ಮನೆಯಲ್ಲಿ 'ಬೆಚ್ಚಗೆ' ಕೇಳಿ ಇನ್ನೊಬ್ಬರ ಮನೆಯಲ್ಲಿ 'ಚುರುಕಾಗಿ' ಕೇಳುವುದಕ್ಕೆ ದೊಡ್ಡ ಕಾರಣ ಇದೇ. ಅಂಗಡಿಯಲ್ಲಿ ಅವರ ಸ್ಪೀಕರ್‌ಗೆ ಹಾಕಿ ಕೇಳಿ ತೀರ್ಮಾನಿಸಬೇಡಿ. ನಿಮ್ಮದನ್ನು ಹೊತ್ತುಕೊಂಡು ಹೋಗಿ, ಇಲ್ಲವೇ ಆಂಪ್ ಮನೆಗೆ ತರಿಸಿ ಕೇಳಿ.

ಸ್ಪೀಕರ್ 4 ಓಮ್‌ಗಿಂತ ಕೆಳಗೆ ಇಳಿಯುವುದಾದರೆ, ಮೇಲೆ 8 ಓಮ್ ಎಂದು ಬರೆದಿದ್ದರೂ, ಆಂಪ್‌ನ 4 ಓಮ್ ಟ್ಯಾಪ್‌ಗೆ (4 ಓಮ್ ಎಂದು ಗುರುತಿರುವ ಸ್ಪೀಕರ್ ಟರ್ಮಿನಲ್‌ಗೆ) ಜೋಡಿಸಿ ನೋಡಿ. ಗರಿಷ್ಠ ವ್ಯಾಟ್ ಸ್ವಲ್ಪ ಕಮ್ಮಿಯಾದೀತು. ಆದರೆ ಔಟ್‌ಪುಟ್ ಇಂಪೀಡೆನ್ಸ್ ಅರ್ಧಕ್ಕೆ ಇಳಿಯುತ್ತದೆ, ಡಿಸ್ಟಾರ್ಷನ್ (ಸಿಗ್ನಲ್‌ನ ವಿರೂಪ) ಇಳಿಯುತ್ತದೆ, ಬೇಸ್ ಬಿಗಿಯಾಗುತ್ತದೆ. ಖರ್ಚಿಲ್ಲದ ಸುಧಾರಣೆ ಇದು.

ನಾಲ್ಕು ಬಗೆಯ ಪವರ್ ಆಂಪ್

ಇಎಲ್84 ಪುಶ್‌ಪುಲ್ 12ರಿಂದ 15 ವ್ಯಾಟ್ ಕೊಡುತ್ತದೆ. ಮಧ್ಯಸ್ಥಾಯಿ ತುಂಬ ಹಿತ. 90 ಡೆಸಿಬೆಲ್‌ಗೆ ಮೇಲಿನ ಸ್ಪೀಕರ್, ಚಿಕ್ಕ ಕೋಣೆ ಇದ್ದವರು ಇದಕ್ಕಿಂತ ಮುಂದೆ ನೋಡಬೇಕಿಲ್ಲ. ಒಂದೇ ಎಚ್ಚರಿಕೆ: ಈ ಟ್ಯೂಬಿನ ಪ್ಲೇಟ್ (ಎಲೆಕ್ಟ್ರಾನ್‌ಗಳು ಬಂದು ಸೇರುವ ಹೊರಗಿನ ಲೋಹದ ಭಾಗ) ತಡೆಯುವುದು 12 ವ್ಯಾಟ್, ಡೇಟಾಶೀಟಿನ ಪ್ಲೇಟ್ ವೋಲ್ಟೇಜ್ ಮಿತಿ 300. ಎಷ್ಟೋ ತಯಾರಕರು ಹೆಚ್ಚು ವ್ಯಾಟ್ ತೋರಿಸಲು ಈ ಮಿತಿ ದಾಟಿಸುತ್ತಾರೆ. ಅಂಥ ಆಂಪ್‌ನಲ್ಲಿ ಟ್ಯೂಬ್ ಬೇಗ ಸವೆಯುತ್ತದೆ.

ಇಎಲ್34ಕ್ಕೆ ಅಳತೆಗೋಲು ಅಂದರೆ ಈಗಲೂ 1959ರ ಡೈನಾಕೋ ಎಸ್‌ಟಿ-70. ಚಾನೆಲ್‌ಗೆ ಎರಡು ಇಎಲ್34, ಅವುಗಳನ್ನು ನಡೆಸುವ ಒಂದು 7199 ಡ್ರೈವರ್ ಟ್ಯೂಬ್, ಎರಡೂ ಚಾನೆಲ್‌ಗೆ ಸೇರಿ ಎಸಿಯನ್ನು ಡಿಸಿ ಮಾಡುವ ಒಂದು ಜಿಜೆಡ್34 ರೆಕ್ಟಿಫೈಯರ್ ಟ್ಯೂಬ್. ಚಾನೆಲ್‌ಗೆ 35 ವ್ಯಾಟ್. 1951ರಲ್ಲಿ ಡೇವಿಡ್ ಹ್ಯಾಫ್ಲರ್ ಮತ್ತು ಹರ್ಬರ್ಟ್ ಕೆರೋಸ್ ಪ್ರಚಾರಕ್ಕೆ ತಂದ ಅಲ್ಟ್ರಾಲೀನಿಯರ್ ಜೋಡಣೆ ಇದರಲ್ಲಿದೆ. ಟ್ಯೂಬಿನೊಳಗಿನ ಸ್ಕ್ರೀನ್ ಗ್ರಿಡ್ ಎಂಬ ಜಾಲರಿಯನ್ನು ನೇರ ಪವರ್ ಸಪ್ಲೈಗೆ ಕೊಡದೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್‌ನ ಪ್ರೈಮರಿಯ ನಡುವಿನ ಟ್ಯಾಪ್‌ಗೆ ಕೊಡುತ್ತಾರೆ. ಪೆಂಟೋಡ್‌ನ (ಐದು ಎಲೆಕ್ಟ್ರೋಡ್‌ನ ಟ್ಯೂಬ್) ಶಕ್ತಿಯ ಬಹುಪಾಲು ಉಳಿದು, ಡಿಸ್ಟಾರ್ಷನ್ ಮತ್ತು ಔಟ್‌ಪುಟ್ ಇಂಪೀಡೆನ್ಸ್ ಟ್ರಯೋಡ್‌ನ (ಮೂರು ಎಲೆಕ್ಟ್ರೋಡ್‌ನದ್ದು) ಹತ್ತಿರಕ್ಕೆ ಇಳಿಯುತ್ತವೆ. ಇಂದಿಗೂ ಇದರ ಕಿಟ್‌ಗಳು, ಬಿಡಿಭಾಗಗಳು, ಸುಧಾರಿಸಿದ ಡ್ರೈವರ್ ಬೋರ್ಡುಗಳು ಸಿಗುತ್ತವೆ. ರಿಪೇರಿಗೆ ಇಷ್ಟು ಅನುಕೂಲವಾದ ಆಂಪ್ ಇನ್ನೊಂದಿಲ್ಲ.

ಅದರ ದೌರ್ಬಲ್ಯಗಳೂ ಚೆನ್ನಾಗಿ ಗೊತ್ತಿರುವಂಥವೇ. ಎರಡು ಇಎಲ್34ಕ್ಕೆ ಸೇರಿ ಒಂದೇ ಬಯಾಸ್ ಹೊಂದಾಣಿಕೆ (ಸಂಗೀತ ಇಲ್ಲದಾಗ ಟ್ಯೂಬಿನಲ್ಲಿ ಹರಿಯುವ ಕರೆಂಟನ್ನು ನಿಗದಿ ಮಾಡುವುದು), ಒಂದೇ 15.6 ಓಮ್ ರೆಸಿಸ್ಟರ್. ಅದರ ಮೇಲೆ 1.56 ವೋಲ್ಟ್ ಬಂದರೆ ಎರಡೂ ಟ್ಯೂಬ್ ಸೇರಿ 100 ಮಿಲಿಆಂಪ್. ಆದರೆ ಒಂದು 60, ಇನ್ನೊಂದು 40 ಎಳೆಯುತ್ತಿದ್ದರೂ ಮೀಟರ್ ಅದೇ 1.56 ತೋರಿಸುತ್ತದೆ. ಹಾಗಾಗಿ ಜೋಡಿ ಹೊಂದಿದ ಟ್ಯೂಬ್ ಹಾಕಲೇಬೇಕು, ಅಥವಾ ಪ್ರತಿ ಟ್ಯೂಬಿಗೆ ಬೇರೆ ಬಯಾಸ್ ಇರುವಂತೆ ಬದಲಿಸಬೇಕು. ಬಯಾಸ್ ಸಪ್ಲೈಯಲ್ಲಿರುವ ಹಳೇ ಸೆಲೆನಿಯಂ ರೆಕ್ಟಿಫೈಯರ್ ತೆಗೆದು ಸಿಲಿಕಾನ್ ಡಯೋಡ್ ಹಾಕಿ, ಆಮೇಲೆ ಬಯಾಸ್ ಹೊಸದಾಗಿ ಹೊಂದಿಸಿ. ಪವರ್ ಟ್ರಾನ್ಸ್‌ಫಾರ್ಮರ್ ಮುಟ್ಟಲಾಗದಷ್ಟು ಬಿಸಿಯಾಗುವುದು ಈ ಆಂಪ್‌ನಲ್ಲಿ ಮಾಮೂಲಿ. ಬೇಸ್ ಚೆನ್ನಾಗಲಿ ಎಂದು ಜಿಜೆಡ್34ರ ಪಕ್ಕದಲ್ಲೇ ದೊಡ್ಡ ಕೆಪಾಸಿಟರ್ ಹಾಕುವವರಿದ್ದಾರೆ. ಆ ಟ್ಯೂಬಿನ ಮಿತಿ 60 ಮೈಕ್ರೋಫ್ಯಾರಡ್. ಅದಕ್ಕಿಂತ ಹೆಚ್ಚಾದರೆ ಸ್ವಿಚ್ ಹಾಕಿದ ಗಳಿಗೆಯಲ್ಲಿ ಒಳಗೆ ಕಿಡಿ ಹಾರಿ ರೆಕ್ಟಿಫೈಯರ್ ಹೋಗುತ್ತದೆ. ಹೆಚ್ಚಿನ ಕೆಪಾಸಿಟರ್ ಬೇಕೆಂದರೆ ಸಪ್ಲೈಯಲ್ಲಿರುವ ಚೋಕ್ ಎಂಬ ಸುರುಳಿ ದಾಟಿದ ಮೇಲೆ ಹಾಕಿ.

ಕೆಟಿ88 ಪುಶ್‌ಪುಲ್ 50ರಿಂದ 75 ವ್ಯಾಟ್ ಕೊಡುತ್ತದೆ. 84–86 ಡೆಸಿಬೆಲ್‌ನ ಮೊಂಡು ಸ್ಪೀಕರ್‌ಗಳಿಗೆ, ದೊಡ್ಡ ಕೋಣೆಗೆ ಇದೇ ಬೇಕು. 1961ರ ಮ್ಯಾಕಿಂಟಾಶ್ ಎಂಸಿ275 ಚಾನೆಲ್‌ಗೆ 75 ವ್ಯಾಟ್ ಕೊಡುತ್ತಿತ್ತು. ಅದರ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್‌ನಲ್ಲಿ ಅರ್ಧ ಲೋಡ್ ಪ್ಲೇಟಿನಲ್ಲಿ, ಅರ್ಧ ಕ್ಯಾಥೋಡಿನಲ್ಲಿ (ಎಲೆಕ್ಟ್ರಾನ್‌ಗಳನ್ನು ಹೊಮ್ಮಿಸುವ ಭಾಗ) ಇರುತ್ತದೆ. ಇದರಿಂದ ಔಟ್‌ಪುಟ್ ಇಂಪೀಡೆನ್ಸ್ ಇನ್ನೂ ತಗ್ಗುತ್ತದೆ, ಸ್ಪೀಕರ್ ಹೇಗಿದ್ದರೂ ಆಂಪ್‌ನ ಹಿಡಿತ ಸಡಿಲವಾಗದು. ಟ್ಯೂಬ್ ದನಿ ಎಂದರೆ ಮಂಕು ದನಿ ಎಂದುಕೊಂಡವರು ಈ ಆಂಪ್ ಕೇಳಬೇಕು. ಆದರೆ 90 ಡೆಸಿಬೆಲ್ ಸ್ಪೀಕರ್ ಇಟ್ಟುಕೊಂಡು ಕೆಟಿ88 ಕೊಳ್ಳುವುದು ನನ್ನ ಪ್ರಕಾರ ವ್ಯರ್ಥ ಖರ್ಚು.

300ಬಿ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಅತಿ ಹೆಚ್ಚು ಆಸೆ ಹುಟ್ಟಿಸುವುದೂ ಅತಿ ಹೆಚ್ಚು ನಿರಾಸೆ ಮಾಡುವುದೂ ಇದೇ. ಒಂದೇ ಟ್ಯೂಬ್, ಸುಮಾರು 8 ವ್ಯಾಟ್. 95 ಡೆಸಿಬೆಲ್‌ಗೆ ಮೇಲಿನ, ಇಂಪೀಡೆನ್ಸ್ ಹೆಚ್ಚು ಏರಿಳಿಯದ ಹಾರ್ನ್ ಅಥವಾ ದೊಡ್ಡ ಪೂರ್ಣಶ್ರೇಣಿ ಸ್ಪೀಕರ್ ಇದ್ದರೆ ಮನುಷ್ಯರ ದನಿಯನ್ನು ಇದರಷ್ಟು ಹತ್ತಿರ ತಂದು ನಿಲ್ಲಿಸುವ ಆಂಪ್ ನಾನು ಬೇರೆ ಕೇಳಿಲ್ಲ. ಸಿಂಗಲ್ ಎಂಡೆಡ್‌ನಲ್ಲಿ ಟ್ಯೂಬಿನ ಡಿಸಿ ಕರೆಂಟು ಪೂರ್ತಿ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್‌ನ ಮೂಲಕವೇ ಹರಿಯುತ್ತದೆ. ಪುಶ್‌ಪುಲ್‌ನಲ್ಲಾದರೆ ಎರಡು ಟ್ಯೂಬಿನ ಕರೆಂಟು ಒಂದನ್ನೊಂದು ರದ್ದು ಮಾಡುತ್ತದೆ. ಇಲ್ಲಿ ಹಾಗಾಗದ ಕಾರಣ ಕಬ್ಬಿಣ ಸ್ಯಾಚುರೇಟ್ ಆಗದಿರಲು (ಕಾಂತತ್ವದ ಮಿತಿ ಮುಟ್ಟದಿರಲು) ಕೋರ್‌ನಲ್ಲಿ ಗ್ಯಾಪ್ ಬಿಡಬೇಕು. ಗ್ಯಾಪ್ ಬಿಟ್ಟರೆ ಇಂಡಕ್ಟೆನ್ಸ್ ಬೀಳುತ್ತದೆ, ಅದನ್ನು ಸರಿದೂಗಿಸಲು ಕೋರ್ ದೊಡ್ಡದಾಗಬೇಕು. ಹೀಗಾಗಿ 8 ವ್ಯಾಟ್‌ನ ಒಳ್ಳೆಯ ಸಿಂಗಲ್ ಎಂಡೆಡ್ ಟ್ರಾನ್ಸ್‌ಫಾರ್ಮರ್ 35 ವ್ಯಾಟ್‌ನ ಪುಶ್‌ಪುಲ್ ಟ್ರಾನ್ಸ್‌ಫಾರ್ಮರ್‌ನಷ್ಟೇ ದೊಡ್ಡದಿರುತ್ತದೆ. ಅಗ್ಗದ 300ಬಿ ಆಂಪ್‌ಗಳು ಇಲ್ಲಿಯೇ ಉಳಿತಾಯ ಮಾಡುತ್ತವೆ. ಮುಂದೆ ಹೊಳೆಯುವ ಟ್ಯೂಬ್, ಹಿಂದೆ ಅಂಗೈ ಅಗಲದ ಟ್ರಾನ್ಸ್‌ಫಾರ್ಮರ್. ಅಂಥದ್ದನ್ನು ಬಿಟ್ಟು ಅದೇ ದುಡ್ಡಿಗೆ ಗಟ್ಟಿಯಾದ ಇಎಲ್84 ಪುಶ್‌ಪುಲ್ ತಗೊಳ್ಳಿ.

ಟ್ರಾನ್ಸ್‌ಫಾರ್ಮರ್ ಅಳೆಯುವುದು ಹೇಗೆ? ಮೊದಲು ತೂಕ. ಚಾನೆಲ್‌ಗೆ 35 ವ್ಯಾಟ್ ಎಂದು ಹೇಳುವ ಸ್ಟೀರಿಯೋ ಆಂಪ್ ಹತ್ತು ಕಿಲೋಗಿಂತ ಹಗುರವಾಗಿದ್ದರೆ ಅನುಮಾನ ಪಡಿ. ಎರಡನೆಯದು, ವಿವರಪಟ್ಟಿ ಓದುವ ರೀತಿ. '20 ಹರ್ಟ್ಜ್‌ನಿಂದ 20 ಕಿಲೋಹರ್ಟ್ಜ್' ಎಂದು ಎಲ್ಲರೂ ಬರೆಯುತ್ತಾರೆ. ಅದು 1 ವ್ಯಾಟ್‌ನಲ್ಲಿ ಅಳೆದದ್ದೋ ಪೂರ್ತಿ ವ್ಯಾಟ್‌ನಲ್ಲೋ ಎಂದು ಕೇಳಿ. ಫ್ರೀಕ್ವೆನ್ಸಿ ಅರ್ಧವಾದರೆ ಅದೇ ವೋಲ್ಟೇಜ್‌ಗೆ ಕೋರ್‌ನಲ್ಲಿ ಫ್ಲಕ್ಸ್ ದುಪ್ಪಟ್ಟು. ಆದ್ದರಿಂದ ಚಿಕ್ಕ ಕೋರ್ 1 ವ್ಯಾಟ್‌ನಲ್ಲಿ 20 ಹರ್ಟ್ಜ್ ದಾಟಿಸಿ, ಪೂರ್ತಿ ವ್ಯಾಟ್‌ನಲ್ಲಿ 50 ಹರ್ಟ್ಜ್‌ಗೇ ಸೋತುಬಿಡಬಹುದು. ವ್ಯಾಟ್ ಅಂಕಿಯ ಪಕ್ಕ ಡಿಸ್ಟಾರ್ಷನ್ ಎಷ್ಟಿದ್ದಾಗ ಎಂದು ಬರೆದಿದೆಯೇ ಎಂಬುದನ್ನೂ ನೋಡಿ. ಶೇಕಡ 10 ಡಿಸ್ಟಾರ್ಷನ್‌ನಲ್ಲಿ ಅಳೆದ 20 ವ್ಯಾಟ್ ನಿಜದಲ್ಲಿ ಅದಕ್ಕಿಂತ ಬಹಳ ಕಮ್ಮಿ.

ಬಯಾಸ್ ಹೊಂದಿಸುವ ಕ್ರಮ

ಕ್ಯಾಥೋಡ್ ಬಯಾಸ್ ಇರುವ ಆಂಪ್‌ನಲ್ಲಿ ಕರೆಂಟು ತಾನೇ ಹೊಂದಿಕೊಳ್ಳುತ್ತದೆ, ನೀವು ಮಾಡಬೇಕಾದ್ದು ಏನೂ ಇಲ್ಲ. ವ್ಯಾಟ್ ಸ್ವಲ್ಪ ಕಮ್ಮಿ, ನೆಮ್ಮದಿ ಜಾಸ್ತಿ. ಮೀಟರ್ ಹಿಡಿಯಲು ಇಷ್ಟವಿಲ್ಲದವರು ಇದನ್ನೇ ಆರಿಸಿ.

ಟ್ಯೂಬಿಗೆ ಬೇರೆಯಾಗಿ ನೆಗೆಟಿವ್ ವೋಲ್ಟೇಜ್ ಕೊಡುವ ಫಿಕ್ಸೆಡ್ ಬಯಾಸ್‌ನಲ್ಲಿ ಟ್ಯೂಬ್ ಬದಲಿಸಿದಾಗಲೆಲ್ಲ ಕರೆಂಟು ಹೊಂದಿಸಬೇಕು. ತಯಾರಕರು ಅಂಕಿ ಕೊಟ್ಟಿದ್ದರೆ ಅದೇ ಅಂತಿಮ. ಕೊಟ್ಟಿಲ್ಲವಾದರೆ ಲೆಕ್ಕ ಹೀಗೆ: ಇಎಲ್34ರ ಪ್ಲೇಟ್ ತಡೆಯುವುದು 25 ವ್ಯಾಟ್. ಅದರ ಶೇಕಡ 70 ಎಂದರೆ 17.5. ಪ್ಲೇಟ್ ವೋಲ್ಟೇಜ್ 430 ಇದ್ದರೆ 17.5 ಭಾಗಿಸು 430, ಅಂದರೆ ಸುಮಾರು 40 ಮಿಲಿಆಂಪ್. ಕ್ಯಾಥೋಡ್‌ನಲ್ಲಿ 10 ಓಮ್ ರೆಸಿಸ್ಟರ್ ಇದ್ದರೆ ಮೀಟರ್ 0.4 ವೋಲ್ಟ್ ತೋರಿಸಬೇಕು. ಕ್ಯಾಥೋಡ್‌ನಲ್ಲಿ ಅಳೆದ ಕರೆಂಟಿನಲ್ಲಿ ಸ್ಕ್ರೀನ್‌ನ ಕೆಲವು ಮಿಲಿಆಂಪ್ ಕೂಡ ಸೇರಿರುತ್ತದೆ. ಆದ್ದರಿಂದ ಈ ಅಂಕಿ ಸುರಕ್ಷಿತ ಬದಿಯಲ್ಲೇ ಇರುತ್ತದೆ.

ಸ್ಪೀಕರ್ ಜೋಡಿಸಿ, ಇನ್‌ಪುಟ್‌ಗೆ ಏನೂ ಕೊಡಬೇಡಿ. ಹೊಸ ಟ್ಯೂಬ್ ಹಾಕುವ ಮೊದಲೇ ಬಯಾಸ್ ತಿರುಗಣೆಯನ್ನು ಕರೆಂಟು ಅತಿ ಕಡಿಮೆ ಇರುವ ಕಡೆಗೆ ತಿರುಗಿಸಿಡಿ. ಸ್ವಿಚ್ ಹಾಕಿ ಮೊದಲ ಕೆಲವು ನಿಮಿಷ ಟ್ಯೂಬ್‌ಗಳ ಮೇಲೆ ಕಣ್ಣಿಡಿ, ಇಪ್ಪತ್ತು ನಿಮಿಷ ಬಿಸಿಯಾಗಲು ಬಿಟ್ಟು ಒಂದೊಂದನ್ನೇ ಹೊಂದಿಸಿ. ನಾಲ್ಕನೆಯದು ಮುಗಿದ ಮೇಲೆ ಮೊದಲನೆಯದಕ್ಕೆ ವಾಪಸ್ ಬನ್ನಿ, ಅದು ಕದಲಿರುತ್ತದೆ. ಒಟ್ಟು ಕರೆಂಟು ಏರಿದಂತೆ ಸಪ್ಲೈ ವೋಲ್ಟೇಜ್ ತಗ್ಗುತ್ತದೆ, ಹಾಗಾಗಿ ಎರಡು ಸುತ್ತು ಬೇಕೇ ಬೇಕು.

ಹೀಟರಿನ ಕಿತ್ತಳೆ ಬೆಳಕು ಸಹಜ, ಗಾಜಿನೊಳಗಿನ ನೀಲಿ ಹೊಳಪೂ ಸಾಮಾನ್ಯವಾಗಿ ಅಪಾಯದ್ದಲ್ಲ. ಆದರೆ ಹೊರಗಿನ ಬೂದು ಲೋಹದ ಪ್ಲೇಟೇ ಕೆಂಪಗಾದರೆ ಆ ಕ್ಷಣ ಆಫ್ ಮಾಡಿ. ತಣ್ಣಗಾದ ಮೇಲೆ ಆ ಟ್ಯೂಬನ್ನು ಪಕ್ಕದ ಸಾಕೆಟ್‌ನದರ ಜೊತೆ ಅದಲುಬದಲು ಮಾಡಿ, ಕ್ಷಣಕಾಲ ಮಾತ್ರ ನೋಡಿ. ಕೆಂಪು ಟ್ಯೂಬಿನ ಜೊತೆ ಹೋದರೆ ಟ್ಯೂಬೇ ಹಾಳು. ಅದೇ ಸಾಕೆಟ್‌ನಲ್ಲಿ ಉಳಿದರೆ ದೋಷ ಆಂಪ್‌ನದು: ಕಪ್ಲಿಂಗ್ ಕೆಪಾಸಿಟರ್ ಸೋರುತ್ತಿದೆ ಅಥವಾ ಬಯಾಸ್ ತಲುಪುತ್ತಿಲ್ಲ. ಮೆಕ್ಯಾನಿಕ್ ಆಗಿದ್ದರೆ ಇಎಲ್34ರ 5ನೇ ಪಿನ್‌ನಲ್ಲಿ ನೆಗೆಟಿವ್ ವೋಲ್ಟೇಜ್ ಅಳೆದು ಉಳಿದ ಸಾಕೆಟ್‌ಗಳೊಂದಿಗೆ ಹೋಲಿಸುತ್ತಾನೆ. ಒಂದು ಕಡೆ ಕಮ್ಮಿ ಇದ್ದರೆ ಉತ್ತರ ಸಿಕ್ಕಿತು.

ಒಳಗೆ 400ರಿಂದ 500 ವೋಲ್ಟ್ ಡಿಸಿ ಇರುತ್ತದೆ. ಪ್ಲಗ್ ಕಿತ್ತ ಮೇಲೂ ಕೆಪಾಸಿಟರ್‌ಗಳಲ್ಲಿ ಅದು ಉಳಿದಿರಬಹುದು, ಜೀವ ತೆಗೆಯಬಹುದು. ಹೊರಗಡೆ ಟೆಸ್ಟ್ ಪಾಯಿಂಟ್ ಇಲ್ಲದ ಆಂಪ್‌ನ ತಳ ಬಿಚ್ಚುವುದು ಅನುಭವ ಇದ್ದವರ ಕೆಲಸ. ಅಭ್ಯಾಸವಿಲ್ಲದವರು ಆಂಪ್ ಕೊಳ್ಳುವಾಗಲೇ ಹೊರಗಿನಿಂದ ಬಯಾಸ್ ಅಳೆಯಲು, ತಿರುಗಿಸಲು ಆಗುವಂಥದ್ದನ್ನು ಆರಿಸಬೇಕು.

ಪ್ರೀಆಂಪ್ ಬೇಕೇ?

ಸಿಡಿ ಪ್ಲೇಯರ್, ಡಿಎಸಿಗಳು (ಡಿಜಿಟಲ್ ಸಿಗ್ನಲ್ಲನ್ನು ಅನಲಾಗ್ ಮಾಡುವ ಪೆಟ್ಟಿಗೆಗಳು) ಸಾಮಾನ್ಯವಾಗಿ 2 ವೋಲ್ಟ್ ಕೊಡುತ್ತವೆ. ಎಸ್‌ಟಿ-70 ಪೂರ್ತಿ 35 ವ್ಯಾಟ್ ಕೊಡಲು 1.3 ವೋಲ್ಟ್ ಸಾಕು. ಅಂದರೆ ಯಾವ ಗೇನೂ ಇಲ್ಲದೆಯೇ ಆಂಪ್ ತುಂಬಿ ಇನ್ನೂ 3.7 ಡೆಸಿಬೆಲ್ ಮಿಗುತ್ತದೆ. ಇದರ ನಡುವೆ 20 ಡೆಸಿಬೆಲ್ ಗೇನ್‌ನ ಪ್ರೀಆಂಪ್ ಇಟ್ಟರೆ ವಾಲ್ಯೂಮ್ ಅರ್ಧ ತಿರುಗುವ ಮೊದಲೇ ಆಂಪ್ ಕ್ಲಿಪ್ ಆಗುತ್ತದೆ. ಮಾಮೂಲಿ ಕೇಳುವ ಮಟ್ಟ ತಿರುಗಣೆಯ ಮೊದಲ ಕಾಲುಭಾಗದಲ್ಲೇ ಮುಗಿದುಹೋಗುತ್ತದೆ. ಅಲ್ಲಿ ಅಗ್ಗದ ಪೊಟೆನ್ಷಿಯೋಮೀಟರ್‌ನ (ವಾಲ್ಯೂಮ್ ತಿರುಗಣೆಯ ಒಳಗಿನ ಬದಲಿಸಬಲ್ಲ ರೆಸಿಸ್ಟರ್) ಎಡ ಬಲ ಸಮ ಇರುವುದಿಲ್ಲ, ಹಾಡುಗಾರರು ಒಂದು ಕಡೆ ವಾಲಿ ನಿಂತಂತೆ ಕೇಳುತ್ತದೆ. ಪ್ರೀಆಂಪ್‌ನ ಹಿಸ್ ಕೂಡ ಪೂರ್ತಿಯಾಗಿ ಸ್ಪೀಕರ್‌ಗೆ ಬರುತ್ತದೆ, ಏಕೆಂದರೆ ಅದು ಹುಟ್ಟುವುದು ವಾಲ್ಯೂಮ್ ಕಂಟ್ರೋಲ್ ದಾಟಿದ ಮೇಲೆ.

ಆದ್ದರಿಂದ ಡಿಜಿಟಲ್ ಮಾತ್ರ ಕೇಳುವವರು ಸ್ವಿಚ್ ಮತ್ತು ವಾಲ್ಯೂಮ್ ಮಾತ್ರ ಇರುವ ಪ್ಯಾಸಿವ್ ಪೆಟ್ಟಿಗೆಯಿಂದ ಶುರು ಮಾಡಬಹುದು. ಅದರಲ್ಲೂ ಒಂದು ತೊಡಕಿದೆ. 100 ಕಿಲೋಓಮ್ ಪೊಟೆನ್ಷಿಯೋಮೀಟರ್‌ನ ಔಟ್‌ಪುಟ್ ಇಂಪೀಡೆನ್ಸ್ ಅರ್ಧ ವೋಲ್ಟೇಜ್ ಕೊಡುವ ಜಾಗದಲ್ಲಿ 25 ಕಿಲೋಓಮ್. 500 ಪಿಕೋಫ್ಯಾರಡ್‌ನ ಉದ್ದನೆ ಕೇಬಲ್ ಸೇರಿದರೆ 13 ಕಿಲೋಹರ್ಟ್ಜ್‌ನಿಂದಲೇ ದನಿ ಇಳಿಯುತ್ತದೆ. 10 ಕಿಲೋಓಮ್‌ನದ್ದು ಹಾಕಿ ಕೇಬಲ್ ಒಂದು ಮೀಟರ್ ಒಳಗೆ ಇಟ್ಟರೆ ಈ ತೊಂದರೆ ಇಲ್ಲ.

ಉದ್ದ ಕೇಬಲ್, ಹಲವು ಮೂಲಗಳು, ಅಥವಾ ಕಡಿಮೆ ವೋಲ್ಟೇಜ್‌ನ ಹಳೇ ಟ್ಯೂನರ್ ಇದ್ದರೆ ಟ್ಯೂಬ್ ಪ್ರೀಆಂಪ್‌ಗೆ ಅರ್ಥವಿದೆ. ಆಗ ಒಳಗಿನ ಟ್ಯೂಬ್ ಯಾವುದು ಎಂದು ನೋಡಿ. 12ಎಎಕ್ಸ್7, ಅಂದರೆ ಇಸಿಸಿ83, ಅದರ ಆಂಪ್ಲಿಫಿಕೇಷನ್ ಫ್ಯಾಕ್ಟರ್ 100, ಪ್ಲೇಟ್ ರೆಸಿಸ್ಟೆನ್ಸ್ 62 ಕಿಲೋಓಮ್. ಫೋನೋ ಹಂತಕ್ಕೆ (ರೆಕಾರ್ಡ್ ಪ್ಲೇಯರ್‌ನ ಸಣ್ಣ ಸಿಗ್ನಲ್‌ಗೆ) ಹೇಳಿ ಮಾಡಿಸಿದ್ದು, ಲೈನ್ ಹಂತದ (ಸಿಡಿ, ಟ್ಯೂನರ್ ಮಟ್ಟದ ಸಿಗ್ನಲ್‌ನ) ಔಟ್‌ಪುಟ್‌ಗೆ ಒಬ್ಬಂಟಿಯಾಗಿ ಸಲ್ಲದು. 100 ಕಿಲೋಓಮ್ ಲೋಡ್‌ನೊಂದಿಗೆ ಪ್ಲೇಟಿನಿಂದ ನೇರ ತೆಗೆದರೆ ಔಟ್‌ಪುಟ್ ಇಂಪೀಡೆನ್ಸ್ ಸುಮಾರು 38 ಕಿಲೋಓಮ್. 12ಎಯು7 ಮತ್ತು 6ಎಸ್‌ಎನ್7 ಎರಡರ ಪ್ಲೇಟ್ ರೆಸಿಸ್ಟೆನ್ಸ್ 7.7 ಕಿಲೋಓಮ್ ಆಸುಪಾಸು, ಆಂಪ್ಲಿಫಿಕೇಷನ್ ಫ್ಯಾಕ್ಟರ್ 20ರ ಹತ್ತಿರ. ಇವನ್ನು ಕ್ಯಾಥೋಡ್ ಫಾಲೋಯರ್ ಆಗಿ, ಅಂದರೆ ಔಟ್‌ಪುಟ್ಟನ್ನು ಕ್ಯಾಥೋಡಿನಿಂದ ತೆಗೆಯುವಂತೆ, ಜೋಡಿಸಿದರೆ ಔಟ್‌ಪುಟ್ ಇಂಪೀಡೆನ್ಸ್ ಕೆಲವು ನೂರು ಓಮ್‌ಗೆ ಇಳಿಯುತ್ತದೆ. 6ಡಿಜೆ8ನಲ್ಲಿ ಇನ್ನೂ ಕಮ್ಮಿ. ನನ್ನ ಒಲವು 6ಎಸ್‌ಎನ್7ರ ಕಡೆಗೆ. ಅದರ ಡಿಸ್ಟಾರ್ಷನ್ ಸ್ವಭಾವತಃ ಕಮ್ಮಿ, ಫೀಡ್‌ಬ್ಯಾಕ್ ಇಲ್ಲದೆಯೂ ದನಿ ಸ್ವಚ್ಛ.

ಟ್ಯೂಬ್ ಪ್ರೀಆಂಪನ್ನು ಟ್ರಾನ್ಸಿಸ್ಟರ್ ಪವರ್ ಆಂಪ್‌ಗೆ ಜೋಡಿಸುವವರು ಗಮನಿಸಬೇಕಾದ್ದು ಔಟ್‌ಪುಟ್ ಕೆಪಾಸಿಟರ್. ಹೆಚ್ಚಿನ ಟ್ಯೂಬ್ ಪವರ್ ಆಂಪ್‌ಗಳ ಇನ್‌ಪುಟ್ ಇಂಪೀಡೆನ್ಸ್ 100 ಕಿಲೋಓಮ್ ಅಥವಾ ಅದಕ್ಕೂ ಮೇಲೆ. ಅಲ್ಲಿ 0.47 ಮೈಕ್ರೋಫ್ಯಾರಡ್ ಇದ್ದರೆ 3 ಡೆಸಿಬೆಲ್ ಇಳಿಯುವುದು 3.4 ಹರ್ಟ್ಜ್‌ನಲ್ಲಿ, ತೊಂದರೆಯೇ ಇಲ್ಲ. ಅದೇ ಪ್ರೀಆಂಪನ್ನು 10 ಕಿಲೋಓಮ್‌ನ ಟ್ರಾನ್ಸಿಸ್ಟರ್ ಆಂಪ್‌ಗೆ ಕೊಟ್ಟರೆ 34 ಹರ್ಟ್ಜ್‌ನಲ್ಲೇ 3 ಡೆಸಿಬೆಲ್ ಹೋಯಿತು. ಮೃದಂಗದ ಎಡಭಾಗ ಸೊರಗಿದಂತೆ ಕೇಳುತ್ತದೆ, ದೂಷಣೆ ಟ್ಯೂಬಿಗೆ ಬರುತ್ತದೆ. 2.2 ಮೈಕ್ರೋಫ್ಯಾರಡ್‌ನ ಫಿಲ್ಮ್ ಕೆಪಾಸಿಟರ್ ಹಾಕಿದರೆ 7 ಹರ್ಟ್ಜ್‌ಗೆ ಇಳಿಯುತ್ತದೆ. ವೋಲ್ಟೇಜ್ ರೇಟಿಂಗ್ 400ಕ್ಕೆ ಕಮ್ಮಿ ಇರಬಾರದು. ವಿವರಪಟ್ಟಿಯ ಔಟ್‌ಪುಟ್ ಇಂಪೀಡೆನ್ಸ್ ಅನ್ನು ಸಾಮಾನ್ಯವಾಗಿ 1 ಕಿಲೋಹರ್ಟ್ಜ್‌ನಲ್ಲಿ ಅಳೆದಿರುತ್ತಾರೆ. 20 ಹರ್ಟ್ಜ್‌ನಲ್ಲಿ 0.47 ಮೈಕ್ರೋಫ್ಯಾರಡ್‌ನ ಕೆಪಾಸಿಟರ್ ಒಂದೇ 17 ಕಿಲೋಓಮ್ ಸೇರಿಸುತ್ತದೆ ಎಂಬುದು ಅಲ್ಲಿ ಕಾಣುವುದಿಲ್ಲ.

ಇದೇ ಔಟ್‌ಪುಟ್ ಕೆಪಾಸಿಟರ್ ಸ್ವಿಚ್ ಹಾಕಿದಾಗ ಚಾರ್ಜ್ ಆಗುತ್ತ ದೊಡ್ಡ ಧಡ್ ಶಬ್ದ ಕಳಿಸುತ್ತದೆ. ಮ್ಯೂಟ್ ರಿಲೇ ಇರುವ ಪ್ರೀಆಂಪ್ ಕೊಳ್ಳಿ. ಇಲ್ಲದಿದ್ದರೆ ಪ್ರೀಆಂಪ್ ಮೊದಲು ಹಾಕಿ, ಒಂದು ನಿಮಿಷ ಬಿಟ್ಟು ಪವರ್ ಆಂಪ್. ಆರಿಸುವಾಗ ಪವರ್ ಆಂಪ್ ಮೊದಲು.

ರೆಕಾರ್ಡ್ ಪ್ಲೇಯರ್ ಇದ್ದವರಿಗೆ: ಮೂವಿಂಗ್ ಮ್ಯಾಗ್ನೆಟ್ ಬಗೆಯ ಕಾರ್ಟ್ರಿಜ್‌ನ (ಸೂಜಿ ಇರುವ ಭಾಗ) 4–5 ಮಿಲಿವೋಲ್ಟ್‌ಗೆ 40 ಡೆಸಿಬೆಲ್ ಗೇನ್, 47 ಕಿಲೋಓಮ್ ಇನ್‌ಪುಟ್ ಸಾಕು, ಟ್ಯೂಬ್ ಇದನ್ನು ಸೊಗಸಾಗಿ ಮಾಡುತ್ತದೆ. ಮೂವಿಂಗ್ ಕಾಯಿಲ್‌ನ 0.3 ಮಿಲಿವೋಲ್ಟ್‌ಗೆ 60 ಬೇಕು, ಅಷ್ಟನ್ನೂ ಟ್ಯೂಬಿನಿಂದಲೇ ತೆಗೆದರೆ ಹಿಸ್ ಕೇಳುತ್ತದೆ. 1:10 ಅನುಪಾತದ ಸ್ಟೆಪ್‌ಅಪ್ ಟ್ರಾನ್ಸ್‌ಫಾರ್ಮರ್ ಮುಂದೆ ಇಟ್ಟರೆ 20 ಡೆಸಿಬೆಲ್ ಶಬ್ದವಿಲ್ಲದೆ ಸಿಗುತ್ತದೆ. ಆಗ 47 ಕಿಲೋಓಮ್ ಕಾರ್ಟ್ರಿಜ್‌ಗೆ 470 ಓಮ್ ಆಗಿ ಕಾಣುತ್ತದೆ. 10 ಓಮ್ ಒಳಪ್ರತಿರೋಧದ ಕಾರ್ಟ್ರಿಜ್‌ಗೆ ಅದು ಚೆನ್ನಾಗಿಯೇ ಹೊಂದುತ್ತದೆ.

ಟ್ಯೂಬ್ ಕೊಳ್ಳುವಾಗ

ಇವತ್ತು ಟ್ಯೂಬ್ ತಯಾರಾಗುವ ಜಾಗಗಳು ಬೆರಳೆಣಿಕೆಯವು: ಸ್ಲೊವಾಕಿಯಾದ ಜೆಜೆ, ರಷ್ಯಾದ ಸರಾಟೋವ್‌ನ ಕಾರ್ಖಾನೆ, ಚೀನಾದ ಕೆಲವು ಕಂಪನಿಗಳು. ಹೊಸ ಪೆಟ್ಟಿಗೆಯ ಮೇಲಿನ ಮುಲ್ಲಾರ್ಡ್, ಟಂಗ್‌ಸೋಲ್, ಗೋಲ್ಡ್ ಲಯನ್ ಎಂಬ ಹೆಸರುಗಳು ಸರಾಟೋವ್‌ನ ತಯಾರಿಕೆಗೆ ಹಾಕಿದವು. ಟ್ಯೂಬ್‌ಗಳು ಚೆನ್ನಾಗಿಯೇ ಇವೆ, ಆದರೆ ಹಳೇ ಇಂಗ್ಲಿಷ್ ಮುಲ್ಲಾರ್ಡ್ ಎಂದುಕೊಂಡು ಹೆಚ್ಚು ದುಡ್ಡು ಕೊಡಬೇಡಿ. ಪವರ್ ಟ್ಯೂಬ್ 1,500ರಿಂದ 3,000 ಗಂಟೆ, ಪ್ರೀಆಂಪ್ ಟ್ಯೂಬ್ ಅದರ ಎರಡು ಮೂರು ಪಟ್ಟು ಬಾಳುತ್ತವೆ ಎಂಬ ಲೆಕ್ಕ ಇಟ್ಟುಕೊಳ್ಳಿ.

ಪಿನ್ ಕೂತಿತು ಎಂದ ಮಾತ್ರಕ್ಕೆ ಟ್ಯೂಬ್ ಹೊಂದಿತು ಎಂದಲ್ಲ. ಇಎಲ್34ರಲ್ಲಿ ಸಪ್ರೆಸರ್ ಗ್ರಿಡ್ 1ನೇ ಪಿನ್‌ಗೆ ಬರುತ್ತದೆ, ಅದನ್ನು 8ನೇ ಪಿನ್‌ನ ಕ್ಯಾಥೋಡ್‌ಗೆ ಸೇರಿಸಿರಬೇಕು. 6ಎಲ್6 ಎಂಬ ಇನ್ನೊಂದು ಔಟ್‌ಪುಟ್ ಟ್ಯೂಬಿಗೆಂದು ಮಾಡಿದ ಸಾಕೆಟ್‌ನಲ್ಲಿ ಆ ತಂತಿ ಇಲ್ಲದಿರಬಹುದು. ಇಎಲ್34ರ ಹೀಟರ್ 1.5 ಆಂಪಿಯರ್ ಎಳೆದರೆ 6ಎಲ್6ರದು 0.9 ಮಾತ್ರ. ನಾಲ್ಕು ಟ್ಯೂಬಿಗೆ 2.4 ಆಂಪಿಯರ್ ಹೆಚ್ಚುವರಿ ಹೊರೆ ಪವರ್ ಟ್ರಾನ್ಸ್‌ಫಾರ್ಮರ್ ಮೇಲೆ ಬೀಳುತ್ತದೆ, ಅದು ಸುಡಬಹುದು.

ಸೆಕೆಂಡ್ ಹ್ಯಾಂಡ್ ಆಂಪ್ ನೋಡಲು ಹೋದರೆ ತಲೆಕೆಳಗೆ ಮಾಡಿ ತಳ ನೋಡಿ. ಟ್ರಾನ್ಸ್‌ಫಾರ್ಮರ್‌ನಿಂದ ಕಪ್ಪು ಮೇಣ ಸೋರಿದೆಯೇ, ಸಾಕೆಟ್‌ನ ಪಿನ್‌ಗಳ ನಡುವೆ ಸುಟ್ಟ ಕಪ್ಪು ಗೆರೆ ಇದೆಯೇ, ಕೆಪಾಸಿಟರ್ ಉಬ್ಬಿದೆಯೇ? ಸುಟ್ಟ ಗೆರೆ ಇದ್ದರೆ ಯಾರೋ ಸ್ಪೀಕರ್ ಇಲ್ಲದೆ ಆಂಪ್ ಓಡಿಸಿರುವ ಸಾಧ್ಯತೆ ಹೆಚ್ಚು. ಲೋಡ್ ಇಲ್ಲದಾಗ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್‌ನಲ್ಲಿ ವೋಲ್ಟೇಜ್ ಮಿತಿಮೀರಿ ಏರಿ ಸಾಕೆಟ್‌ನಲ್ಲೋ ಸುರುಳಿಯ ಒಳಗೋ ಕಿಡಿ ಹಾರುತ್ತದೆ. ಆಮೇಲೆ ಪ್ರೀಆಂಪ್ ಟ್ಯೂಬ್‌ಗಳನ್ನು ಪೆನ್ಸಿಲ್ ತುದಿಯಿಂದ ಮೆಲ್ಲಗೆ ತಟ್ಟಿ. ಸ್ಪೀಕರ್‌ನಲ್ಲಿ ಗಂಟೆ ಹೊಡೆದಂತೆ ರಿಂಗಣಿಸಿದರೆ ಆ ಟ್ಯೂಬ್ ಮೈಕ್ರೋಫೋನಿಕ್, ಬದಲಿಸಬೇಕು. ಹಮ್ ಇದ್ದರೆ ಇನ್‌ಪುಟ್ ಕೇಬಲ್ ಕಿತ್ತು ಶಾರ್ಟಿಂಗ್ ಪ್ಲಗ್ ಹಾಕಿ. ಹಮ್ ನಿಂತರೆ ದೋಷ ಕೇಬಲ್ ಅಥವಾ ಗ್ರೌಂಡ್ ಲೂಪಿನದು, ನಿಲ್ಲದಿದ್ದರೆ ಆಂಪ್‌ನದು. ಅದು ಮೇನ್ಸ್ ಫ್ರೀಕ್ವೆನ್ಸಿಯ ಎರಡರಷ್ಟು, ಸ್ವಲ್ಪ ಗರಗರ ದನಿಯಾಗಿದ್ದರೆ ಫಿಲ್ಟರ್ ಕೆಪಾಸಿಟರ್ ಮುಗಿದಿದೆ ಎಂದೋ ಪುಶ್‌ಪುಲ್ ಟ್ಯೂಬ್‌ಗಳ ಕರೆಂಟು ಹೊಂದಿಲ್ಲ ಎಂದೋ ತಿಳಿಯಿರಿ. ಹಮ್ ನಿಲ್ಲಿಸಲು ಪ್ಲಗ್ಗಿನ ಅರ್ತ್ ಪಿನ್ ಮಾತ್ರ ಎಂದಿಗೂ ತೆಗೆಯಬೇಡಿ. ಒಳಗೆ ಇನ್ಸುಲೇಷನ್ ಸೋತರೆ ಇಡೀ ಶಾಸಿಗೆ ಕರೆಂಟು ಬರುತ್ತದೆ.

ಮನೆಗೆ ತಂದ ಮೇಲೆ ಆಂಪ್‌ನ ಮೇಲೆ ಕನಿಷ್ಠ 15 ಸೆಂಟಿಮೀಟರ್ ತೆರೆದ ಜಾಗ ಬಿಡಿ. ನಾಲ್ಕು ಇಎಲ್34 ಇರುವ ಆಂಪ್‌ನ ಔಟ್‌ಪುಟ್ ಟ್ಯೂಬ್‌ಗಳೇ ಸಂಗೀತ ಇಲ್ಲದಾಗಲೂ 100 ವ್ಯಾಟ್‌ಗೂ ಹೆಚ್ಚು ಬಿಸಿ ಹೊರಹಾಕುತ್ತವೆ. ಹೊಸ ಟ್ಯೂಬ್ ಹಾಕಿದ ಮೊದಲ ವಾರ ಮುಗಿದ ಮೇಲೆ ಬಯಾಸ್ ಮತ್ತೊಮ್ಮೆ ಅಳೆಯಿರಿ, ಕೆಲವು ಮಿಲಿಆಂಪ್ ಕದಲಿರುತ್ತದೆ. ಆಮೇಲೆ ಮೂರು ತಿಂಗಳಿಗೊಮ್ಮೆ ನೋಡಿದರೆ ಸಾಕು. ಪ್ರತಿ ಟ್ಯೂಬಿನ ಅಂಕಿಯನ್ನು ದಿನಾಂಕದ ಜೊತೆ ಬರೆದಿಡಿ. ಒಂದು ಟ್ಯೂಬ್ ಮಾತ್ರ ಪ್ರತಿ ಸಲ ಏರುತ್ತಲೇ ಹೋದರೆ, ಕೆಂಪಗಾಗುವವರೆಗೆ ಕಾಯದೆ ಬದಲಿಸಿಬಿಡಿ.